ಕುಂಡದ ನೊರಜಿಗೆ ಕೀಟಾಹಾರಿ ಗಿಡ ಮದ್ದಾದೀತೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು ನಮ್ಮದು. ನಡುಮನೆಯಲ್ಲೂ ಅಡುಗೆಮನೆಯ ಕಿಟಕಿಯಲ್ಲೂ ಸೇರಿ ಹನ್ನೆರಡು ಕುಂಡಗಳಿವೆ: ಮನಿಪ್ಲಾಂಟ್, ಪೀಸ್ ಲಿಲಿ, ಸಿಂಗೋನಿಯಂ, ಪುದೀನ ಇತ್ಯಾದಿ. ಮೂರು ತಿಂಗಳಿನಿಂದ ಎಳ್ಳಿನಷ್ಟು ಸಣ್ಣ ಕಪ್ಪು ಹುಳುಗಳು ಕುಂಡಗಳ ಸುತ್ತ ಹಾರಾಡುತ್ತಿವೆ. ಮಕ್ಕಳಿರುವ ಮನೆಯಾದ್ದರಿಂದ ವಿಷ ಸಿಂಪಡಿಸಲು ಮನಸ್ಸಿಲ್ಲ. ಆನ್‌ಲೈನ್‌ನಲ್ಲಿ ವೀನಸ್ ಫ್ಲೈಟ್ರ್ಯಾಪ್ ತರಿಸಿದೆ. ಒಂದೂವರೆ ತಿಂಗಳಲ್ಲಿ ಅದೇ ಕಪ್ಪಾಗಿ ಸತ್ತಿತು, ಹುಳುಗಳು ಹಾಗೆಯೇ ಇವೆ. ಬೇರೆ ಯಾವ ಕೀಟಾಹಾರಿ ಗಿಡ ತರಲಿ? ಸೊಳ್ಳೆಯನ್ನೂ, ಮನಿಪ್ಲಾಂಟಿನ ಗೆಣ್ಣುಗಳಲ್ಲಿ ಬಿಳಿ ಹಿಟ್ಟಿನಂತೆ ಅಂಟಿರುವ ಹಿಟ್ಟು ತಿಗಣೆಯನ್ನೂ ಅದು ಹಿಡಿಯುತ್ತದೆಯೇ?

ಉತ್ತರ: ಸತ್ತ ಗಿಡದ ಬಗ್ಗೆ ಬೇಸರಪಡಬೇಡಿ. ಈ ಹವ್ಯಾಸಕ್ಕೆ ಕೈಹಾಕಿದ ಹೆಚ್ಚಿನವರು ಮೊದಲು ಕೊಲ್ಲುವುದು ಒಂದು ಫ್ಲೈಟ್ರ್ಯಾಪನ್ನೇ. ನಾನು ಮೂರನ್ನು ಕೊಂದ ಮೇಲೆ ಬುದ್ಧಿ ಕಲಿತೆ. ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು: ನಿಮ್ಮ ಹುಳುವನ್ನು ಹಿಡಿಯುವ ಗಿಡಗಳಿವೆ, ಬೆಂಗಳೂರಿನ ಹವೆಗೆ ಒಗ್ಗುತ್ತವೆ, ನೋಡಲೂ ಚೆಂದ. ಆದರೆ ಅವು ಹಿಡಿಯುವುದು ಹಾರುವ ಹುಳುವನ್ನು. ಹುಳು ಹುಟ್ಟುವುದು ನಿಮ್ಮ ಕುಂಡದ ಮಣ್ಣಿನಲ್ಲಿ. ಮಣ್ಣನ್ನು ಹಾಗೆಯೇ ಬಿಟ್ಟು ಗಿಡ ತಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಮೊದಲು ಹುಳು ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಬಾಳೆಹಣ್ಣಿನ ಬುಟ್ಟಿಯ ಸುತ್ತ ಹಾರುವ, ಕೆಂಗಣ್ಣಿನ ಕಂದು ಹುಳು ಹಣ್ಣಿನ ನೊಣ. ಬಚ್ಚಲಿನ ಗೋಡೆಗೆ ಅಂಟಿ ಕೂರುವ, ಪುಟ್ಟ ಪತಂಗದಂತೆ ರೋಮವಿರುವ ಬೂದು ಹುಳು ಚರಂಡಿಯದು. ಎರಡಕ್ಕೂ ಕುಂಡಕ್ಕೂ ಸಂಬಂಧವಿಲ್ಲ. ಎರಡು ಮೂರು ಮಿಲಿಮೀಟರ್ ಉದ್ದ, ಸಣಕಲು ಕಾಲು, ನೀರು ಹಾಕಿದಾಗ ಮಣ್ಣಿನಿಂದ ಎದ್ದು ಓಲಾಡುತ್ತ ಹಾರಿ ಮತ್ತೆ ಮಣ್ಣಿನ ಮೇಲೆಯೇ ಇಳಿದು ಓಡಾಡುವ ಕಪ್ಪು ಹುಳುವಾದರೆ ಅದು ತೋಟಗಾರರು ಫಂಗಸ್ ನ್ಯಾಟ್ ಎನ್ನುವ ನೊರಜು. ಅನುಮಾನವಿದ್ದರೆ ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಕುಯ್ದ ಭಾಗ ಕೆಳಗಾಗುವಂತೆ ಮಣ್ಣಿನ ಮೇಲೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಹೊಳೆಯುವ ಕಪ್ಪು ತಲೆಯ, ಗಾಜಿನಂತೆ ಪಾರದರ್ಶಕವಾದ ಮರಿಹುಳುಗಳು ಅಡಿಯಲ್ಲಿ ಸೇರಿಕೊಂಡಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಹನ್ನೆರಡೂ ಕುಂಡಗಳಲ್ಲಿ ಬಿಲ್ಲೆ ಇಟ್ಟು ನೋಡಿ. ಎಲ್ಲದರಲ್ಲೂ ಇರುವುದಿಲ್ಲ. ಎರಡು ಮೂರು ಕುಂಡಗಳೇ ಇಡೀ ಮನೆಗೆ ಹುಳು ಸರಬರಾಜು ಮಾಡುತ್ತಿರುತ್ತವೆ.

ಈ ನೊರಜಿನ ಜೀವನಕ್ರಮ ತಿಳಿದರೆ ಉಳಿದದ್ದು ಸುಲಭ. ಹೆಣ್ಣು ಬದುಕುವುದು ಒಂದು ವಾರ, ಹತ್ತು ದಿನ. ಅಷ್ಟರಲ್ಲಿ ಒದ್ದೆ ಮಣ್ಣಿನ ಮೇಲ್ಪದರದಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಮರಿಹುಳು ಸುಮಾರು ಎರಡು ವಾರ ಬೂಷ್ಟನ್ನು, ಕೊಳೆತ ಎಲೆಯನ್ನು, ಹಸಿವು ಹೆಚ್ಚಾದರೆ ಎಳೆ ಬೇರನ್ನೂ ತಿಂದು ಕೋಶವಾಗಿ, ಮೂರರಿಂದ ನಾಲ್ಕು ವಾರಕ್ಕೆ ಹೊಸ ಪೀಳಿಗೆ ಹಾರುತ್ತದೆ. ನಿಮ್ಮ ಮನೆಯಲ್ಲಿ ಈಗ ಇಪ್ಪತ್ತು ಹೆಣ್ಣು ಹುಳುಗಳಿವೆ ಎಂದಿಟ್ಟುಕೊಳ್ಳಿ. ಎರಡು ಸಾವಿರ ಮೊಟ್ಟೆಗಳ ಲೆಕ್ಕವಾಯಿತು. ಅಂಟು ಎಲೆಗೆ ಸಿಕ್ಕಿಬೀಳುವ ಹುಳು ಎಷ್ಟೋ ಸಲ ಮೊಟ್ಟೆ ಇಟ್ಟು ಮುಗಿಸಿಯೇ ಬಂದಿರುತ್ತದೆ. ಎಲೆಯ ಮೇಲೆ ಹೆಣಗಳ ಸಾಲು ಕಂಡು ನಮಗೆ ಖುಷಿಯಾಗುತ್ತದೆ, ಮಣ್ಣಿನಲ್ಲಿ ಅದರ ಸಂಸಾರ ಸುಖವಾಗಿರುತ್ತದೆ.

ಇನ್ನು ಫ್ಲೈಟ್ರ್ಯಾಪ್ ಏಕೆ ಸೋತಿತು ಎಂಬ ವಿಷಯ. ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲಿನ ಸಣ್ಣ ಪ್ರದೇಶ. ಪ್ರಪಂಚದಲ್ಲಿ ಬೇರೆಲ್ಲೂ ಅದು ತಾನಾಗಿ ಹುಟ್ಟಿದ್ದಲ್ಲ. ಅಲ್ಲಿ ಉರಿಬಿಸಿಲು, ಸಾರವಿಲ್ಲದ ಜೌಗು ಮರಳು, ಮೂರು ನಾಲ್ಕು ತಿಂಗಳ ನಿಜವಾದ ಚಳಿ. ಆ ಚಳಿಯಲ್ಲಿ ಗಿಡ ಮಲಗುತ್ತದೆ. ನಡುಮನೆಯ ಟೀಪಾಯಿಯ ಮೇಲೆ ಬಿಸಿಲೂ ಇಲ್ಲ, ಚಳಿಯೂ ಇಲ್ಲ. ಜೊತೆಗೆ ಅದರ ಬೋನು, ಅಂದರೆ ಹುಳುವಿನ ಮೇಲೆ ಮಡಚಿ ಮುಚ್ಚುವ ಎಲೆ, ನಿಮ್ಮ ಹುಳುವಿಗೆ ಹೇಳಿ ಮಾಡಿಸಿದ್ದೂ ಅಲ್ಲ. ಒಳಗಿನ ಸೂಕ್ಷ್ಮ ರೋಮಗಳನ್ನು ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡು ಬಾರಿ ಮುಟ್ಟಿದರೆ ಮಾತ್ರ ಅದು ಮುಚ್ಚುತ್ತದೆ. ಒಂದು ಊಟ ಅರಗಲು ಐದರಿಂದ ಹನ್ನೆರಡು ದಿನ ಬೇಕು. ಮೂರು ನಾಲ್ಕು ಊಟಕ್ಕೆ ಆ ಎಲೆಯ ಆಯುಸ್ಸು ಮುಗಿಯುತ್ತದೆ. ಜೇಡ, ಇರುವೆ, ನೊಣಗಳಿಗೆ ಸರಿ. ದಿನಕ್ಕೆ ಮೂವತ್ತು ನೊರಜು ಹುಟ್ಟುವ ಮನೆಯಲ್ಲಿ ಅದು ಆನೆಗೆ ಅರೆಕಾಸಿನ ಮಜ್ಜಿಗೆ. ನಮ್ಮ ಬಂಧುವೊಬ್ಬರ ಮನೆಯ ಹುಡುಗ ಪಾಪ, ಹುಳು ಸಿಗಲಿಲ್ಲವೆಂದು ಅದಕ್ಕೆ ಪನೀರ್ ತಿನ್ನಿಸಿದ್ದ. ಎರಡೇ ದಿನಕ್ಕೆ ಬೋನು ಕೊಳೆತು ನಾರಿತು. ನೀವು ಏನನ್ನೂ ತಿನ್ನಿಸಿಲ್ಲವೆಂದು ಭಾವಿಸುತ್ತೇನೆ.

ನಿಮಗೆ ಬೇಕಾದದ್ದು ಮುಚ್ಚುವ ಬೋನಲ್ಲ, ಅಂಟು. ಅಂಟಿನ ಗಿಡಗಳಲ್ಲಿ ನನ್ನ ಮೊದಲ ಆಯ್ಕೆ ಬಟರ್‌ವರ್ಟ್, ಅಂದರೆ ಪಿಂಗ್ವಿಕ್ಯುಲಾ. ಅದರಲ್ಲೂ ಮೆಕ್ಸಿಕೋ ಮೂಲದವು. ನೆಲಕ್ಕೆ ಅಂಟಿದ ಹಸಿರು ಅಥವಾ ನಸುಗೆಂಪು ಹೂವಿನಂತೆ ಎಲೆಗಳು ಸುತ್ತಲೂ ಹರಡಿರುತ್ತವೆ. ಮುಟ್ಟಿದರೆ ಬೆಣ್ಣೆ ಸವರಿದ ಹಾಗೆ ಜಿಡ್ಡು. ಎಲೆಯ ಮೇಲೆ ಎರಡು ಬಗೆಯ ಗ್ರಂಥಿಗಳಿವೆ. ಪುಟ್ಟ ಕಾಲಿನ ಮೇಲೆ ನಿಂತವು ಅಂಟನ್ನು ಸುರಿಸುತ್ತವೆ, ಎಲೆಗೇ ಹತ್ತಿಕೊಂಡವು ಹುಳುವನ್ನು ಕರಗಿಸುವ ರಸವನ್ನು. ಸ್ಕ್ಯಾಂಡಿನೇವಿಯಾದ ಉತ್ತರ ಭಾಗದ ಜನ ಇದೇ ಜಾತಿಯ ಗಿಡದ ಎಲೆಯನ್ನು ಹಾಲಿಗೆ ಹೆಪ್ಪಾಗಿ ಬಳಸುತ್ತಿದ್ದರೆಂದು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1737ರಲ್ಲೇ ಬರೆದಿಟ್ಟಿದ್ದಾನೆ. ನಾನು ಪ್ರಯತ್ನಿಸಿಲ್ಲ, ನಮ್ಮ ಮನೆಯಲ್ಲಿ ಮೊಸರಿಗೆ ಬರವಿಲ್ಲ. ಆದರೆ ನೊರಜು ಹಿಡಿಯುವುದರಲ್ಲಿ ಇದರ ಕೈಚಳಕ ಬೇರೆಯೇ. ನೊರಜು ದುರ್ಬಲ ಹಾರಾಟಗಾರ, ತಗ್ಗಿನಲ್ಲಿ ಹಾರಿ ಸಿಕ್ಕಲ್ಲಿ ಇಳಿಯುತ್ತದೆ. ಪಿಂಗ್ವಿಕ್ಯುಲಾ ಹರಡಿಕೊಂಡಿರುವುದೂ ಅದೇ ಎತ್ತರದಲ್ಲಿ. ಒಂದು ವಾರದಲ್ಲಿ ಎಲೆಯ ಮೇಲೆ ಕರಿ ಎಳ್ಳು ಚೆಲ್ಲಿದಂತೆ ಕಾಣುತ್ತದೆ. ಆರ್ಕಿಡ್ ಬೆಳೆಯುವವರು ತಮ್ಮ ಗಿಡಗಳ ನಡುವೆ ಒಂದೆರಡು ಪಿಂಗ್ವಿಕ್ಯುಲಾ ಇಡುವುದು ಇದಕ್ಕಾಗಿಯೇ.

ಇದನ್ನೇ ಮೊದಲು ಹೇಳಲು ಇನ್ನೊಂದು ಕಾರಣವಿದೆ. ಮೆಕ್ಸಿಕೋದಲ್ಲಿ ಈ ಗಿಡಗಳು ಸುಣ್ಣಕಲ್ಲಿನ ಬಂಡೆಗಳ ಮೇಲೆ ಬೆಳೆಯುತ್ತವೆ. ಹಾಗಾಗಿ ಬೇರೆ ಕೀಟಾಹಾರಿಗಳಷ್ಟು ನೀರಿನ ಲವಣಕ್ಕೆ ಹೆದರುವುದಿಲ್ಲ, ಸದಾ ನೀರಿನಲ್ಲಿ ನಿಲ್ಲಬೇಕೆಂಬ ಹಟವೂ ಇಲ್ಲ. ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಮತ್ತು ದಪ್ಪ ಮರಳು ಹೆಚ್ಚಿರುವ, ಬೇಗ ಒಣಗುವ ಮಿಶ್ರಣದಲ್ಲಿ ಹಾಯಾಗಿರುತ್ತವೆ. ಅಂಥ ಮಿಶ್ರಣದಲ್ಲಿ ನೊರಜು ಮೊಟ್ಟೆ ಇಡಲು ಮನಸ್ಸು ಮಾಡುವುದಿಲ್ಲ. ಎಲೆಯ ರೋಮಗಳಲ್ಲಿ ಅಂಟು ಹನಿಯಿರುವ ಡ್ರಾಸೆರಾ ಮುಂತಾದ ಜೌಗಿನ ಗಿಡಗಳ ಕಥೆ ಹಾಗಲ್ಲ. ಅವುಗಳ ಸದಾ ತೊಯ್ದ ಕುಂಡವೇ ನೊರಜಿನ ಹೆರಿಗೆ ಮನೆಯಾಗಬಹುದು. ಹುಳು ಹಿಡಿಯಲೆಂದು ತಂದ ಗಿಡದ ಬುಡದಿಂದಲೇ ಹುಳು ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಹಾಗೆಂದು ಡ್ರಾಸೆರಾ ಬೇಡವೆನ್ನುತ್ತಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಿಂದ ಬಂದ ಡ್ರಾಸೆರಾ ಕೇಪೆನ್ಸಿಸ್ ಹೊಸಬರ ಕೈಯಲ್ಲೂ ಬದುಕುವ ಗಟ್ಟಿ ಗಿಡ. ಪಟ್ಟಿಯಂತಹ ಎಲೆ, ಅದರ ತುಂಬ ಕೆಂಪು ರೋಮ, ಪ್ರತಿ ರೋಮದ ತುದಿಯಲ್ಲೂ ಒಂದು ಹನಿ. ಇಬ್ಬನಿಯೆಂದು ಭ್ರಮಿಸಿ ಇಳಿದ ಹುಳು ಒದ್ದಾಡಿದಷ್ಟೂ ಅಂಟು ಮೈಗೆ ಸುತ್ತಿಕೊಂಡು ಉಸಿರಾಡುವ ರಂಧ್ರಗಳು ಮುಚ್ಚಿ ಸಾಯುತ್ತದೆ. ಆಮೇಲೆ ಎಲೆ ನಿಧಾನವಾಗಿ ಅದರ ಸುತ್ತ ಮಡಚಿಕೊಳ್ಳುತ್ತದೆ. ಡಾರ್ವಿನ್ 1860ರ ಬೇಸಿಗೆಯಿಂದ ಎಷ್ಟೋ ವರ್ಷ ಇದರ ದಾಯಾದಿಯೊಂದಕ್ಕೆ ಮಾಂಸ, ಮೊಟ್ಟೆಯ ಬಿಳಿಭಾಗ, ಗಾಜಿನ ಚೂರು ಎಲ್ಲವನ್ನೂ ಕೊಟ್ಟು ಪರೀಕ್ಷಿಸುತ್ತ ಕುಳಿತಿದ್ದ. ಒಂದು ಸಂಜೆ ಭೂತಗನ್ನಡಿ ಹಿಡಿದು ನೋಡಿದರೆ ನೀವೂ ಕುಳಿತುಬಿಡುತ್ತೀರಿ, ಎಚ್ಚರ.

ಹೂಜಿ ಗಿಡದ ಬಗ್ಗೆ ಎರಡು ಮಾತು ಸಾಕು. ನರ್ಸರಿಗಳಲ್ಲಿ ತೂಗುಕುಂಡದಲ್ಲಿ ಸಿಗುವ ನೆಪೆಂತಿಸ್ ಮಿಶ್ರತಳಿಗಳು ಇರುವೆಯನ್ನೂ ಆಗೊಮ್ಮೆ ಈಗೊಮ್ಮೆ ಜಿರಲೆಯನ್ನೂ ಹಿಡಿಯುತ್ತವೆ. ನೊರಜಿನ ಮಟ್ಟಿಗೆ ಅದು ಅಲಂಕಾರ. ಭಾರತದ ಕಾಡಿನಲ್ಲಿ ಹುಟ್ಟುವ ಒಂದೇ ಹೂಜಿ ಗಿಡ ಮೇಘಾಲಯದ ನೆಪೆಂತಿಸ್ ಖಾಸಿಯಾನಾ. ಗಾರೋ ಜನ ಅದನ್ನು ‘ಮೆಮಾಂಗ್ ಕೋಕ್ಸಿ’, ಭೂತದ ಬುಟ್ಟಿ ಎನ್ನುತ್ತಾರೆ. ಕಾನೂನಿನ ರಕ್ಷಣೆ ಇರುವ ಗಿಡ ಅದು. ಯಾರಾದರೂ ಕಾಡಿನದ್ದೇ ಎಂದು ಹೆಮ್ಮೆಯಿಂದ ಮಾರಲು ಬಂದರೆ ಕೊಳ್ಳಬೇಡಿ.

ನಮ್ಮ ಕರಾವಳಿಯ ಮುರಕಲ್ಲು ಬಯಲುಗಳಲ್ಲಿ, ಮಲೆನಾಡಿನ ಜೌಗು ಹುಲ್ಲುಗಾವಲುಗಳಲ್ಲಿ ಮಳೆ ಇಳಿಯುತ್ತಿದ್ದಂತೆ ಕಾಣುವ ಡ್ರಾಸೆರಾಗಳ ವಿಷಯದಲ್ಲೂ ಇದೇ ಮಾತು. ಡ್ರಾಸೆರಾ ಇಂಡಿಕಾ, ಡ್ರಾಸೆರಾ ಬರ್ಮನಿ ಎರಡೂ ನಮ್ಮ ನೆಲದವೇ. ಬರ್ಮನಿಯ ಅಂಚಿನ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಬಾಗಿ ಹುಳುವನ್ನು ಒಳಕ್ಕೆ ತಳ್ಳುತ್ತವೆ. ಊರಿಗೆ ಹೋದಾಗ ಕಂಡರೆ ಕಿತ್ತು ತರಬೇಕೆನಿಸುತ್ತದೆ. ತಂದರೂ ಬದುಕುವುದಿಲ್ಲ, ಒಂದು ಮಳೆಗಾಲದ ಆಯುಸ್ಸಿನ ಗಿಡಗಳು ಅವು. ಬೀಜ ಉದುರಿಸುವ ಮೊದಲೇ ಕಿತ್ತರೆ ಮುಂದಿನ ವರ್ಷ ಆ ಜಾಗ ಖಾಲಿ. ಕುಳಿತು ನೋಡಿ, ಫೋಟೋ ತೆಗೆಯಿರಿ, ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಗಿಡವನ್ನು ಮನೆಗೆ ಕೊಳ್ಳಿ.

ಗಿಡ ತಂದ ಮೇಲೆ ಎಡವುವುದು ನೀರಿನಲ್ಲಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಡ್ರಾಸೆರಾಕ್ಕೆ 50ರ ಒಳಗಿದ್ದರೆ ನೆಮ್ಮದಿ. ಕೊಳವೆಬಾವಿ ನೀರು ಹಾಕಿದರೆ ಲವಣ ಕುಂಡದಲ್ಲಿ ಕೂಡುತ್ತ ಹೋಗಿ ಬೇರು ಸುಡುತ್ತದೆ. ಮನೆಯ ಆರ್‌ಒ ಯಂತ್ರದ ನೀರೂ ಕಣ್ಣು ಮುಚ್ಚಿ ನಂಬುವಂಥದ್ದಲ್ಲ, ಏಕೆಂದರೆ ರುಚಿಗಾಗಿ ಲವಣವನ್ನು ಮತ್ತೆ ಬೆರೆಸುವ ಯಂತ್ರಗಳಿವೆ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಒಂದನ್ನು ಕೊಂಡು ಅಳೆಯಿರಿ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಿಡಿದ ನೀರಿಗಿಂತ ಒಳ್ಳೆಯದು ಬೇರೆ ಇಲ್ಲ. ಮೊದಲ ಮಳೆಯ ಧೂಳು ನೀರನ್ನು ಬಿಟ್ಟು ಆಮೇಲಿನದನ್ನು ಕ್ಯಾನಿನಲ್ಲಿ ಮುಚ್ಚಿಡಿ. ಒಂದೆರಡು ಗಿಡಕ್ಕೆ ಇಪ್ಪತ್ತು ಲೀಟರ್ ಎಷ್ಟೋ ವಾರ ಬರುತ್ತದೆ.

ಮಣ್ಣು ಎನ್ನುವುದೇ ತಪ್ಪು, ಇವಕ್ಕೆ ಮಣ್ಣು ಬೇಡ. ಗೊಬ್ಬರವಂತೂ ಮುಟ್ಟಿಸಲೇಬಾರದು. ಡ್ರಾಸೆರಾಕ್ಕೆ ಪೀಟ್ ಮಾಸ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ ಸಮಪಾಲು. ಪೀಟ್ ದುಬಾರಿಯೆಂದು ಕೋಕೋಪೀಟ್ ಬಳಸುವವರು ಅದನ್ನು ನಾಲ್ಕೈದು ಬಾರಿ ಒಳ್ಳೆಯ ನೀರಿನಲ್ಲಿ ನೆನೆಸಿ ಹಿಂಡಬೇಕು, ತೆಂಗಿನ ನಾರಿನಲ್ಲಿ ಉಪ್ಪು ಇರುತ್ತದೆ. ಪಿಂಗ್ವಿಕ್ಯುಲಾಕ್ಕೆ ಮೂರು ಪಾಲು ಪರ್ಲೈಟ್ ಅಥವಾ ತೊಳೆದ ದಪ್ಪ ಮರಳು, ಒಂದು ಪಾಲು ಪೀಟ್. ಎರಡಕ್ಕೂ ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ಹೇಳಿ ಮಾಡಿಸಿದ್ದು. ಕಿಟಕಿ ಇಲ್ಲದಿದ್ದರೆ ಬಿಳಿ ಎಲ್‌ಇಡಿ ದೀಪವನ್ನು ಗಿಡಕ್ಕೆ ಒಂದಡಿ ಎತ್ತರದಲ್ಲಿಟ್ಟು ದಿನಕ್ಕೆ ಹನ್ನೆರಡು ಗಂಟೆ ಉರಿಸಿ. ಬೆಳಕು ಸಾಲದಿದ್ದರೆ ಗಿಡ ಸಾಯುವುದಿಲ್ಲ, ಆದರೆ ಅಂಟು ಬತ್ತುತ್ತದೆ. ಅಂಟಿಲ್ಲದ ಡ್ರಾಸೆರಾ ಬರೀ ಕಳೆ. ಎಸಿ ಗಾಳಿ ನೇರವಾಗಿ ತಾಗಿದರೂ ಹೀಗೆಯೇ ಆಗುತ್ತದೆ. ಕೊರಿಯರ್‌ನಲ್ಲಿ ಬಂದ ಗಿಡ ಒಂದೆರಡು ವಾರ ಒಣಗಿದಂತೆಯೇ ಇರುತ್ತದೆ. ಗಾಬರಿಯಾಗಬೇಡಿ, ಹೊಸ ಎಲೆಯಲ್ಲಿ ಹನಿ ಮೂಡಿತೆಂದರೆ ಊರು ಒಗ್ಗಿತೆಂದೇ ಅರ್ಥ. ಚಳಿಗಾಲದಲ್ಲಿ ಪಿಂಗ್ವಿಕ್ಯುಲಾದ ಎಲೆಗಳು ಚಿಕ್ಕದಾಗಿ, ದಪ್ಪಗಾಗಿ, ಅಂಟು ಕಳೆದುಕೊಂಡರೆ ಅದು ರೋಗವಲ್ಲ. ಆಗ ನೀರು ಕಡಿಮೆ ಮಾಡಿ. ಇದೆಲ್ಲ ಬೆಂಗಳೂರು, ಮೈಸೂರಿನ ಮಾತು. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಿನಲ್ಲಿ ಇವನ್ನು ಉಳಿಸಿಕೊಳ್ಳುವುದು ಕಷ್ಟ, ಅಲ್ಲಿಯವರಿಗೆ ಹಳದಿ ಅಂಟುಪಟ್ಟಿಯೇ ಕ್ಷೇಮ.

ಸೊಳ್ಳೆಯ ಬಗ್ಗೆ ಕೇಳಿದ್ದೀರಿ. ಆಗೊಂದು ಈಗೊಂದು ಸೊಳ್ಳೆ ಅಂಟಿಗೆ ಬೀಳುತ್ತದೆ, ಅದನ್ನು ನಂಬಿ ಪರದೆ ತೆಗೆಯಬೇಡಿ. ಇದಕ್ಕಿಂತ ಮುಖ್ಯವಾದ ಒಂದು ಅಪಾಯವಿದೆ. ಡ್ರಾಸೆರಾ ಕುಂಡವನ್ನು ಒಂದು ಅಂಗುಲ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ಎಂದು ಎಲ್ಲರೂ ಹೇಳುತ್ತಾರೆ, ಗಿಡಕ್ಕೆ ಅದು ಸರಿಯೂ ಹೌದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಅಂಥದ್ದೇ ತಿಳಿನೀರಿನ ತಟ್ಟೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಕೀಟ ಕಡಿಮೆ ಮಾಡಲು ಹೋಗಿ ಬಿಳಿಪಟ್ಟೆಯ ಸೊಳ್ಳೆ ಸಾಕಿದಂತಾಗಬಾರದು. ಐದು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಅಂಚನ್ನು ಬ್ರಷ್ಷಿನಿಂದ ಉಜ್ಜಿ, ಏಕೆಂದರೆ ಮೊಟ್ಟೆಗಳು ಅಂಟಿರುವುದು ನೀರಂಚಿನ ಗೋಡೆಗೆ. ಉಜ್ಜದೆ ಬರೀ ನೀರು ಬದಲಿಸಿದರೆ ಪ್ರಯೋಜನವಿಲ್ಲ.

ಗಿಡಕ್ಕೆ ಅಂಟಿ ಕೂರುವ ಹೆಣ್ಣು ಹಿಟ್ಟು ತಿಗಣೆ ಹಾರುವುದಿಲ್ಲ, ಕುಳಿತಲ್ಲಿಂದ ಏಳುವುದೇ ಅಪರೂಪ. ಹಾಗಾಗಿ ಅಂಟು ಎಲೆಗೆ ತಾನಾಗಿ ಬಂದು ಬೀಳುವ ಪ್ರಶ್ನೆಯೇ ಇಲ್ಲ. ರೆಕ್ಕೆಯಿಲ್ಲದ ಸಸ್ಯಹೇನು, ಕೆಂಪು ಜೇಡನುಸಿಗಳದ್ದೂ ಇದೇ ಹಣೆಬರಹ. ತಮಾಷೆಯೆಂದರೆ ಹಿಟ್ಟು ತಿಗಣೆಯೂ ಹೇನೂ ಈ ಕೀಟಾಹಾರಿ ಗಿಡಗಳನ್ನೇ ತಿನ್ನುತ್ತವೆ! ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಅದ್ದಿ ನಿಮ್ಮ ಮನಿಪ್ಲಾಂಟಿನ ಗೆಣ್ಣುಗಳಲ್ಲಿರುವ ತಿಗಣೆಯನ್ನು ಒರೆಸಿ ತೆಗೆಯಿರಿ. ಬೇವಿನೆಣ್ಣೆ, ಸೋಪು ನೀರು ಸಿಂಪಡಿಸುವ ದಿನ ಅಂಟು ಗಿಡಗಳನ್ನು ಬೇರೆ ಕೋಣೆಯಲ್ಲಿಡಿ. ಆ ಹನಿ ಬಿದ್ದರೆ ಅಂಟು ತೊಳೆದುಹೋಗುತ್ತದೆ.

ಇನ್ನು ಮಣ್ಣಿನ ಕೆಲಸ. ಮಾಡಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಇದೆ, ಖರ್ಚೂ ಕಡಿಮೆ. ಮೇಲಿನ ಒಂದು ಅಂಗುಲ ಒಣಗಿ ಬೆರಳಿಗೆ ಪುಡಿಪುಡಿಯಾಗುವವರೆಗೆ ನೀರು ಹಾಕಬೇಡಿ. ಮರಿಹುಳು ಇರುವುದು ಆ ಪದರದಲ್ಲೇ, ಒಣಗಿದರೆ ಅದು ಬದುಕುವುದಿಲ್ಲ. ಮನಿಪ್ಲಾಂಟಿಗೂ ಸಿಂಗೋನಿಯಂಗೂ ಇದರಿಂದ ಏನೂ ಆಗುವುದಿಲ್ಲ. ಪೀಸ್ ಲಿಲಿ ಸ್ವಲ್ಪ ಬಾಡಿ ಮುಖ ಸಪ್ಪೆ ಮಾಡುತ್ತದೆ, ನೀರು ಕೊಟ್ಟ ಮೇಲೆ ಎದ್ದು ನಿಲ್ಲುತ್ತದೆ. ಅದಕ್ಕೆ ಅಡಿಯ ತಟ್ಟೆಯಿಂದಲೇ ನೀರು ಕುಡಿಸಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಮಣ್ಣಿನ ಮೇಲೆ ಬಳಸಿದ ಟೀ ಪುಡಿ, ತರಕಾರಿ ಸಿಪ್ಪೆ, ಹಸಿ ಎರೆಗೊಬ್ಬರ ಹಾಕುವ ಅಭ್ಯಾಸವಿದ್ದರೆ ಮನೆಯೊಳಗಿನ ಕುಂಡಗಳಿಗೆ ಅದನ್ನು ನಿಲ್ಲಿಸಿ, ನೊರಜಿಗೆ ಅದು ಮದುವೆ ಊಟ. ತಾರಸಿಯ ಕುಂಡಗಳಿಗೆ ಬೇಕಾದಷ್ಟು ಹಾಕಿಕೊಳ್ಳಿ.

ಹುಳು ತೀರಾ ಹೆಚ್ಚಿದ್ದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಇಸ್ರೇಲೆನ್ಸಿಸ್ ಬಗೆಯನ್ನು, ಚಿಕ್ಕದಾಗಿ ಬಿಟಿಐ, ನೀರಿನಲ್ಲಿ ಕಲಸಿ ಹಾಕಬಹುದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಸೊಳ್ಳೆಗುಂಡಿಯೊಂದರಲ್ಲಿ ಸಿಕ್ಕ ಸೂಕ್ಷ್ಮಜೀವಿ ಅದು. ಸೊಳ್ಳೆ, ನೊರಜುಗಳ ಮರಿಹುಳು ಅದನ್ನು ತಿಂದರೆ ಕರುಳು ಒಡೆದು ಸಾಯುತ್ತದೆ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಹಾನಿಯಿಲ್ಲ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ವಾರಕ್ಕೊಮ್ಮೆ, ನಾಲ್ಕು ವಾರ ಹಾಕಬೇಕು. ಮೊಟ್ಟೆಯನ್ನೂ ಕೋಶವನ್ನೂ ಅದು ಕೊಲ್ಲುವುದಿಲ್ಲವಾದ್ದರಿಂದ ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಅಂಗಡಿಯಲ್ಲಿ ‘ಬಿಟಿ ಕೊಡಿ’ ಎಂದರೆ ಹೆಚ್ಚಾಗಿ ಕುರ್‌ಸ್ಟಾಕಿ ಎಂಬ ಬೇರೆ ಬಗೆಯನ್ನು ಕೊಡುತ್ತಾರೆ. ಅದು ಎಲೆ ತಿನ್ನುವ ಕಂಬಳಿಹುಳುಗಳಿಗೆ, ನೊರಜಿಗೆ ತಾಗುವುದಿಲ್ಲ. ಹೆಸರು ಓದಿಯೇ ಹಣ ಕೊಡಿ.

ಹಾಗಾದರೆ ಗಿಡ ಏಕೆ ಬೇಕು? ಇಷ್ಟೆಲ್ಲ ಮಾಡಿದ ಮೇಲೂ ಅಲ್ಲೊಂದು ಇಲ್ಲೊಂದು ಹೆಣ್ಣು ಹುಳು ಉಳಿದಿರುತ್ತದೆ, ಅದು ಮತ್ತೆ ಸಂಸಾರ ಹೂಡದಂತೆ ನೋಡಿಕೊಳ್ಳುವವರು ಬೇಕು. ಲೆಕ್ಕ ಹೇಳುವವರೂ ಬೇಕು. ಎರಡು ಪಿಂಗ್ವಿಕ್ಯುಲಾ, ಒಂದು ಡ್ರಾಸೆರಾ, ಹನ್ನೆರಡು ಕುಂಡಗಳ ಮನೆಗೆ ಇಷ್ಟು ಸಾಕು. ಹುಳು ಹೆಚ್ಚಿರುವ ಕುಂಡದ ಪಕ್ಕದಲ್ಲೇ ಇಡಿ, ಮೂಲೆಯ ಸ್ಟ್ಯಾಂಡಿನ ಮೇಲಲ್ಲ. ಭಾನುವಾರ ಎಲೆಯ ಮೇಲಿನ ಹೊಸ ಹುಳುಗಳನ್ನು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ತಪ್ಪದೆ ಮಾಡುತ್ತಾರೆ. ನಾಲ್ಕನೆಯ ವಾರಕ್ಕೆ ಸಂಖ್ಯೆ ಇಳಿಯದಿದ್ದರೆ ಯಾವುದೋ ಕುಂಡ ಇನ್ನೂ ಒದ್ದೆಯಾಗಿದೆ ಎಂದರ್ಥ, ಮತ್ತೆ ಆಲೂಗಡ್ಡೆ ಬಿಲ್ಲೆ ಹಿಡಿಯಿರಿ. ಹುಳು ಪೂರ್ತಿ ನಿಂತರೆ ಗಿಡ ಉಪವಾಸ ಬಿದ್ದು ಸಾಯುವುದಿಲ್ಲ. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಗಿಡವೇ ಅದು, ಹುಳು ಸಿಕ್ಕರೆ ಸಾರಜನಕ ಸಿಗುತ್ತದೆ, ಅಷ್ಟೇ.

ನಿಮ್ಮ ಪಟ್ಟಿಯಲ್ಲಿ ನನಗೆ ಅನುಮಾನ ಇರುವುದು ಅಡುಗೆಮನೆಯ ಪುದೀನದ ಮೇಲೆ. ದಿನವೂ ನೀರು ಕೇಳುವ ಗಿಡ, ಅಕ್ಕಿ ತೊಳೆದ ನೀರನ್ನೂ ಅದಕ್ಕೇ ಹಾಕುತ್ತಿರಬಹುದು. ಮೊದಲ ಬಿಲ್ಲೆಯನ್ನು ಅಲ್ಲಿಯೇ ಇಡಿ. ಕಪ್ಪು ತಲೆಗಳು ಕಂಡರೆ ಆ ಕುಂಡವನ್ನು ಅಂದೇ ಬಾಲ್ಕನಿಗೆ ಸಾಗಿಸಿ, ಪುದೀನಕ್ಕೂ ಅಲ್ಲಿನ ಬಿಸಿಲೇ ಇಷ್ಟ.